ಹೆಸರುಕಾಳಿನ ಗಂಜಿಗೆ ಒಂದು ಚೂರು ಇಂಗು

ನನ್ನ ಮೊಮ್ಮಗಳ ಬಗ್ಗೆ ಬರೆಯಲು ಕುಳಿತರೆ ಕಾಗದ ಸಾಲದು. ಈಗ ಮೂರನೆಯ ಕ್ಲಾಸು. ನಾನು ಶಾಲೆ ಬಿಟ್ಟದ್ದು ನಾಲ್ಕನೆಯದರಲ್ಲಿ. ಇನ್ನೆರಡು ವರ್ಷದಲ್ಲಿ ಅವಳು ನನ್ನನ್ನು ದಾಟಿ ಹೋಗುತ್ತಾಳೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಇದನ್ನು ಹೇಳುತ್ತೇನೆ. "ಗೊತ್ತುಂಟು ಅಜ್ಜೇರೆ, ನಿನ್ನೆಯೂ ಹೇಳಿದ್ದೀರಿ" ಎನ್ನುತ್ತಾರೆ ಗುರುತಿನವರು. ಹೇಳಲಿ. ನನ್ನ ಬಾಯಿ ನಿಲ್ಲುವುದಿಲ್ಲ. ಆದರೆ ಅವಳು ಹುಟ್ಟಿದ ದಿನಗಳ ಕಥೆ ಹೇಳುವಾಗ ಮಾತ್ರ ನಾನು ಒಂದು ತುಂಡನ್ನು ಯಾವಾಗಲೂ ಬಿಟ್ಟುಬಿಡುತ್ತೇನೆ. ಇಲ್ಲಿ ಬಿಡುವುದಿಲ್ಲ.

ಕಂಕನಾಡಿಯಲ್ಲಿ ಆಗ ಹನ್ನೆರಡು ಹಾಸಿಗೆಯ ಒಂದು ಮಕ್ಕಳ ನರ್ಸಿಂಗ್ ಹೋಮ್ ಇತ್ತು. ಈಗ ಆ ಕಟ್ಟಡವೂ ಇಲ್ಲ. ಅದರ ಹಿಂಬದಿಯ ಅಡಿಗೆಮನೆಯಲ್ಲಿ ರೋಗಿಗಳ ಗಂಜಿ, ಸಾರು, ಕಷಾಯ ಮಾಡುವ ಕೆಲಸ ನನ್ನದು. ಒಂದು ಬೆಳಿಗ್ಗೆ ಡಾಕ್ಟರು ತಾವೇ ಅಡಿಗೆಮನೆಗೆ ಬಂದರು. ಅವರು ಹಾಗೆ ಬರುವವರಲ್ಲ. ನಾನು ಒಲೆ ಸಣ್ಣ ಮಾಡಿ ಎದ್ದು ನಿಂತೆ.

"ಕೊನೇ ಹಾಸಿಗೆಯ ಮಗುವನ್ನು ನೋಡಿದ್ದೀರಾ?" ಎಂದು ಕೇಳಿದರು.

ನೋಡಿದ್ದೆ. ನಾಲ್ಕು ವರ್ಷದ ಹುಡುಗಿ. ಕೈಕಾಲು ಹಿಡಿಸೂಡಿಯ ಕಡ್ಡಿಯ ಹಾಗೆ, ಹೊಟ್ಟೆ ಮಾತ್ರ ಮಡಕೆಯ ಹಾಗೆ. ತಿಂದದ್ದೆಲ್ಲ ಭೇದಿಯಾಗಿ ಹೋಗುತ್ತಿತ್ತು. ಕೊಂಕಣಿ ಮಾತಾಡುವ ಕ್ರಿಶ್ಚನ್ ಮನೆಯ ಮಗು. ಅಪ್ಪ ಗಲ್ಫಿನಲ್ಲಿ, ತಾಯಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ.

"ಚಪಾತಿ ಹಿಟ್ಟು ಎಳೆದ್ರೆ ಅಂಟು ಬರ್ತದಲ್ಲ, ಅದಕ್ಕೆ ಗ್ಲುಟೆನ್ ಅಂತಾರೆ. ಅದು ಈ ಮಗುವಿನ ಕರುಳಿಗೆ ವಿಷ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಆಗುದಿಲ್ಲ. ಸದ್ಯಕ್ಕೆ ಹಾಲೂ ಬೇಡ. ಆದ್ರೆ ಮೈ ತುಂಬಬೇಕಾದ್ರೆ ಪ್ರೊಟೀನ್ ಬೇಕು. ಕುಡಿಲಿಕ್ಕೆ ಆಗುವಂಥದ್ದು ಎಂತಾದ್ರೂ ಬೇಕು. ನೀವು ನೋಡಿ."

ನನ್ನ ಹತ್ತಿರ ಒಬ್ಬ ಡಾಕ್ಟರು 'ನೀವು ನೋಡಿ' ಎಂದದ್ದು ಅದೇ ಮೊದಲು. ಎದೆ ಉಬ್ಬಿತು.

ಮೊದಲು ಡಬ್ಬಿಗಳನ್ನು ನೋಡಿದೆವು. ಮಗುವಿನ ಅಪ್ಪ ಊರಿಗೆ ಬರುವವರ ಕೈಯಲ್ಲೆಲ್ಲ ಶಕ್ತಿಯ ಪುಡಿಯ ಡಬ್ಬಿ ಕಳಿಸಿದ್ದ. ತಾಯಿ ಐದನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ವಾರ್ಡಿನ ಸಿಸ್ಟರ್ ಕನ್ನಡಕ ಹಾಕಿಕೊಂಡು ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದಿದರು. ನಾಲ್ಕರಲ್ಲಿ ಮಾಲ್ಟ್ ಇತ್ತು.

"ಮಾಲ್ಟ್ ಅಂದ್ರೆ ಬಾರ್ಲಿಯ ಮೊಳಕೆ," ಎಂದರು ಸಿಸ್ಟರ್.

ತಾಯಿಯ ಮುಖ ಬಿಳುಚಿತು. "ನಾನು ಒಂದು ವರ್ಷದಿಂದ ಇದನ್ನೇ ಕೊಡ್ತಾ ಇದ್ದೆ ಸಿಸ್ಟರ್. ಶಕ್ತಿ ಬರ್ಲಿ ಅಂತ ದಿನಕ್ಕೆ ಎರಡು ಸರ್ತಿ."

"ನಿಮಗೆ ಹೇಗೆ ಗೊತ್ತಾಗ್ಬೇಕು?" ಎಂದರು ಸಿಸ್ಟರ್. ಐದನೆಯದು ಸೋಯಾದ ಪುಡಿ. ಗೋಧಿ ಇಲ್ಲ, ಆದರೆ ಅದರ ಹಸಿ ವಾಸನೆಗೆ ಮಗು ಕುಡಿದ ಹಾಗೆಯೇ ಕಕ್ಕಿಬಿಟ್ಟಿತು. ಮೊಟ್ಟೆಯ ಬಿಳಿಯನ್ನೂ ಕಕ್ಕಿತು.

ಮನೆಯದ್ದೇ ಪುಡಿ ಆಗಬೇಕು ಎಂದಾಯಿತು. ರಾಗಿ ಮಣ್ಣಿ ಮಾಡಿ ತೆಳ್ಳಗೆ ಕುಡಿಸಿದೆ. ಹೊಟ್ಟೆಯಲ್ಲಿ ನಿಂತಿತು, ಆದರೆ ಪ್ರೊಟೀನ್ ಸಾಲದು ಎಂದರು ಡಾಕ್ಟರು. ನೆಲಗಡಲೆ ಹುರಿದು ಹಾಕಿದೆ. ಎಣ್ಣೆಯ ಅಂಶ ಜಾಸ್ತಿಯಾಗಿ ಭೇದಿ ಹೆಚ್ಚಿತು. ಹುರಿಗಡಲೆ ಗಂಟಲಲ್ಲಿ ಹಿಡಿಯಿತು. ಕೊನೆಗೆ ಕುಚ್ಚಲಕ್ಕಿ ಮತ್ತು ಹೆಸರುಕಾಳು. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರು. ಹೆಸರನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಗುಬೊಟ್ಟಿನಷ್ಟು ಬಂದ ಕೂಡಲೇ ತಾರಸಿಯಲ್ಲಿ ಒಣಗಿಸಬೇಕು. ಅಕ್ಕಿಯನ್ನು ಬೇರೆ, ಕಾಳನ್ನು ಬೇರೆ ಹುರಿಯಬೇಕು. ಒಟ್ಟಿಗೆ ಹುರಿದರೆ ಒಂದು ಕರಟುವಾಗ ಇನ್ನೊಂದು ಹಸಿ. ಎರಡು ಚಮಚ ಪುಡಿಗೆ ಒಂದು ದೊಡ್ಡ ಲೋಟ ನೀರು, ಕಾಲು ಗಂಟೆ ಕೈ ಬಿಡದೆ ಮಗುಚಿ, ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬೆಲ್ಲ.

ಬೀಸುವುದಕ್ಕೆ ಕಂಕನಾಡಿ ಮಾರ್ಕೆಟಿನ ಮಿಲ್ಲಿಗೆ ಹೋದೆ. ಮಿಲ್ಲಿನವನು ಆಗಷ್ಟೇ ಯಾರದೋ ಗೋಧಿ ಬೀಸಿ ಮುಗಿಸಿದ್ದ.

"ಎರಡು ಹಿಡಿ ಅಕ್ಕಿ ಹಾಕಿ ತಿರುಗಿಸಿದ್ರೆ ಕ್ಲೀನ್ ಆಗ್ತದೆ ಮಾರಾಯ್ರೆ," ಎಂದ.

"ಕ್ಲೀನ್ ಆಗುದಿಲ್ಲ. ಕಲ್ಲಿನ ಸಂದಿಯಲ್ಲಿ ಗೋಧಿ ಕೂತಿರ್ತದೆ," ಎಂದು ವಾಪಸು ಬಂದೆ. ಕುದ್ರೋಳಿಯ ನಮ್ಮ ಮನೆಯಲ್ಲಿ ಹೆಂಡತಿಯ ತವರಿನಿಂದ ಬಂದ ಬೀಸುವ ಕಲ್ಲು ಇತ್ತು. ಅಕ್ಕಿ ಬಿಟ್ಟು ಬೇರೇನನ್ನೂ ಕಾಣದ ಕಲ್ಲು. ಅದನ್ನು ಕುದಿನೀರು ಹಾಕಿ ಮೂರು ಸಲ ತೊಳೆದು, ಬಿಸಿಲಿಗಿಟ್ಟು, ನಾನೇ ಬೀಸಿದೆ. ಇದನ್ನು ಕೇಳಿ ಡಾಕ್ಟರು, "ನನಗೇ ಹೊಳೆದಿರಲಿಲ್ಲ" ಎಂದರು. ಸಿಸ್ಟರ್ ಒಂದು ಚೀಟಿಯಲ್ಲಿ ಎಲ್ಲ ಅಳತೆಯನ್ನೂ ಕನ್ನಡದಲ್ಲಿ ಬರೆದು ಒಲೆಯ ಹಿಂದಿನ ಗೋಡೆಗೆ ಅಂಟಿಸಿದರು. ಕೊನೆಯ ಸಾಲು ಹೀಗಿತ್ತು: ಇದರಲ್ಲಿ ಇಲ್ಲದ್ದು ಲೋಟಕ್ಕೆ ಬೀಳಬಾರದು.

ದಿನಕ್ಕೆ ನಾಲ್ಕು ಲೋಟ. ಐದನೆಯ ದಿನ ಭೇದಿ ನಿಂತಿತು. ತೂಕದ ಮುಳ್ಳು ಮೊದಲ ಸಲ ಬಲಕ್ಕೆ ಸರಿಯಿತು. ಮಗು ದಿಂಬಿಗೊರಗಿ ಕುಳಿತು ನನ್ನನ್ನು ನೋಡಿ ನಕ್ಕಿತು. ಆ ನಗು ನಾನೇ ಬೀಸಿ ಮಾಡಿದ್ದು ಎಂಬ ಹಾಗೆ ನಾನು ವಾರ್ಡಿನಲ್ಲಿ ಓಡಾಡಿದೆ.

ಏಳನೆಯ ದಿನ ನನ್ನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು! ನನ್ನ ಮೊದಲ ಮೊಮ್ಮಗಳು! ಅಯ್ಯೋ, ಆ ಮುಷ್ಟಿ, ಆ ಉಗುರು! ಕಲ್ಲುಸಕ್ಕರೆಯ ಪೊಟ್ಟಣ ಹಿಡಿದುಕೊಂಡು ಕುದ್ರೋಳಿಯಿಂದ ಕಂಕನಾಡಿಯವರೆಗೆ ಬಸ್ಸಿನ ಕಂಡಕ್ಟರನಿಗೂ ಹಂಚಿದೆ. "ಹೆತ್ತದ್ದು ಮಗಳೋ, ನೀವೋ?" ಎಂದು ಹೆಂಡತಿ ತಮಾಷೆ ಮಾಡಿದಳು. "ನಿಮಗೆ ಮರ್ಲೇ ಹಿಡಿದದ್ದು, ಪೂರಾ ಹುಚ್ಚು." ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ಅಂದಿನಿಂದ ನನ್ನನ್ನು ಅಜ್ಜೇರು ಎಂದೇ ಕರೆಯತೊಡಗಿದರು. ಕರೆದಾಗೆಲ್ಲ ನಾನು ಬೇಕೆಂದೇ ಎರಡನೆಯ ಸಲ ಕರೆಸಿಕೊಳ್ಳುತ್ತಿದ್ದೆ.

ಬಾಣಂತಿಯ ಸಾರಿಗೆ ಇಂಗು ಬೇಕು, ಶಿಶುವಿನ ಹೊಕ್ಕುಳ ಸುತ್ತ ಹಚ್ಚಲಿಕ್ಕೂ ಇಂಗಿನ ನೀರು ಬೇಕು. ನಾನು ಬಂದರಿನ ಗುರುತಿನ ದಿನಸಿ ಅಂಗಡಿಯಿಂದ ಒಳ್ಳೆಯ ಘಾಟಿನ ಇಂಗಿನ ಗಟ್ಟಿ ತಂದಿದ್ದೆ. ಅದನ್ನು ಹಚ್ಚಿದ ಕೂಡಲೇ ನಮ್ಮ ಶಿಶು ಗಾಳಿ ಬಿಟ್ಟು ನಿದ್ದೆ ಹೋಗುವುದನ್ನು ಎರಡು ದಿನ ಕಣ್ಣಾರೆ ನೋಡಿದೆ. ಮೂರನೆಯ ದಿನ ವಾರ್ಡಿನಲ್ಲಿ ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಹೆಸರುಕಾಳಿನ ವಾಯು, ನನಗೆ ಗೊತ್ತು. ನನ್ನ ಮೊಮ್ಮಗಳಿಗೆ ಒಳ್ಳೆಯದಾದದ್ದು ಇದಕ್ಕೆ ಆಗಬಾರದೇ? ಗೋಡೆಯ ಚೀಟಿ ಕಣ್ಣೆದುರೇ ಇತ್ತು. ಆದರೆ ಇಂಗು ಒಂದು ತಿನ್ನುವ ವಸ್ತು ಎಂದು ನಾವು ಯಾವತ್ತು ಲೆಕ್ಕ ಹಿಡಿದವರು? ಅದು ಮದ್ದು. ಮನೆಯಿಂದ ತಂದ ಗಟ್ಟಿಯಲ್ಲಿ ಕಡಲೆಕಾಳಿಗಿಂತ ದೊಡ್ಡದೊಂದು ಚೂರು ನೀರಿನಲ್ಲಿ ಕರಗಿಸಿ ಗಂಜಿಗೆ ಸೇರಿಸಿ, ಬೆಲ್ಲ ಬಿಟ್ಟು ಉಪ್ಪು ಜೀರಿಗೆ ಹಾಕಿ, ಲೋಟಕ್ಕೆ ಮುಚ್ಚಳ ಮುಚ್ಚಿ ನಾನೇ ಒಯ್ದೆ. ಅಡಿಗೆಮನೆಯಲ್ಲಿ ಸಾರಿನ ಘಮ ಯಾವಾಗಲೂ ಇರುವುದರಿಂದ ಸಿಸ್ಟರಿಗೆ ಗೊತ್ತಾಗಲಿಲ್ಲ.

ತಾಯಿಗೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. "ಇಂಗು ಹಾಕಿದ್ದೀರಾ ಅಜ್ಜೇರೆ? ಒಳ್ಳೇದಾಯ್ತು. ನಮ್ಮ ಅಮ್ಮನೂ ಹಾಕ್ತಿದ್ರು."

ಮಗು ಲೋಟ ನೆಕ್ಕಿ ಕುಡಿಯಿತು. ಸ್ವಲ್ಪ ಹೊತ್ತಿನಲ್ಲಿ ಅಳು ನಿಂತಿತು. ಅಂದಿನಿಂದ ನಾಲ್ಕು ಲೋಟಕ್ಕೂ ಇಂಗು.

ಇಂಗು ಹಾಕತೊಡಗಿದ ನಾಲ್ಕನೆಯ ದಿನಕ್ಕೆ ಭೇದಿ ತಿರುಗಿ ಬಂತು. ಹೊಟ್ಟೆ ಮತ್ತೆ ಮಡಕೆಯಾಯಿತು. ತೂಕ ಬಂದಷ್ಟೂ ಇಳಿದು, ಅದರ ಮೇಲೂ ಇಳಿಯಿತು. ನಾನು ಪುಡಿಯೇ ಹಾಳಾಗಿರಬೇಕೆಂದು ಅದನ್ನು ಚೆಲ್ಲಿ ಹೊಸದಾಗಿ ಹುರಿದು ಬೀಸಿದೆ. ಅದಕ್ಕೂ ಇಂಗು ಹಾಕಿದೆ, ಹೊಟ್ಟೆ ಕೆಟ್ಟಿದೆಯಲ್ಲ ಎಂದು ಸ್ವಲ್ಪ ಜಾಸ್ತಿಯೇ.

ಆರನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಕೊನೆಯ ಹಾಸಿಗೆಯ ಹತ್ತಿರ ನಿಂತರು. ನಾನು ಲೋಟ ಹಿಡಿದು ಆಚೆ ಬದಿಯಲ್ಲಿದ್ದೆ.

"ಈ ಮಗುವಿಗೆ ಗೋಧಿ ಹೋಗ್ತಾ ಉಂಟು. ಇಲ್ಲದಿದ್ರೆ ಹೀಗೆ ಆಗುದಿಲ್ಲ," ಎಂದರು. "ಯಾರು ಎಂತ ಕೊಟ್ಟಿದ್ದೀರಿ?"

ನನ್ನನ್ನು ನೋಡಿದರು. "ಚೀಟಿಯಲ್ಲಿ ಇದ್ದದ್ದೇ ಡಾಕ್ಟ್ರೇ," ಎಂದೆ. ಅವರು ಕೇಳಿದ್ದು ಗೋಧಿಯ ವಿಷಯ, ನಾನು ಹೇಳಿದ್ದೂ ಗೋಧಿಯ ವಿಷಯ ಎಂದು ಆಗ ಸಮಾಧಾನ ಮಾಡಿಕೊಂಡೆ. ತಾಯಿ ನನ್ನ ಕಡೆ ಒಂದು ಸಲ ನೋಡಿದಳು. ಮಗುವಿನ ಹೊದಿಕೆ ಸರಿಮಾಡತೊಡಗಿದಳು.

ಡಾಕ್ಟರು ಹೇಳಿದ್ದಕ್ಕೆ ವಾರ್ಡಿನ ಆಯಾ ತಾಯಿಯ ಚೀಲ ತೆರೆದಳು. ಕಾಗದದಲ್ಲಿ ಸುತ್ತಿದ ಎರಡು ಬನ್ನು ಸಿಕ್ಕಿದವು.

"ಅದು ನನಗೆ ಡಾಕ್ಟ್ರೇ. ಬೆಳಿಗ್ಗೆ ಚಾಯಕ್ಕೆ."

"ಮಗುವಿನ ಪಕ್ಕ ಕೂತು ಬನ್ನು ತಿಂತೀರಿ. ಮಗು ಕೈ ಚಾಚಿದ್ರೆ ಕೊಡದೆ ಇರ್ತೀರಾ?"

"ಇಲ್ಲ ಡಾಕ್ಟ್ರೇ, ದೇವರಾಣೆ, ಹೊರಗೆ ಹೋಗಿ ತಿನ್ನುದು."

"ಓದಿದವರಲ್ವಾ ನೀವು? ಇಷ್ಟು ಹೇಳಿದ್ರೂ ಅರ್ಥ ಆಗುದಿಲ್ವಾ? ನಾವಿಲ್ಲಿ ಎಲ್ಲರೂ ಸೇರಿ ಬದುಕಿಸ್ಲಿಕ್ಕೆ ನೋಡುದು, ನೀವು ಕೂತು ಕೊಲ್ಲುದು!"

ಹನ್ನೆರಡು ಹಾಸಿಗೆಯವರೂ ಕೇಳಿದರು. ಅಂದಿನಿಂದ ತಾಯಿ ವಾರ್ಡಿನ ಒಳಗೆ ಬರಬಾರದು ಎಂದಾಯಿತು. ಮಗುವಿನ ಹತ್ತಿರ ಆಯಾ ಕುಳಿತಳು. ಅಮ್ಮಾ ಎಂದು ಮಗು ಕಿರುಚುವುದು ಅಡಿಗೆಮನೆಗೂ ಕೇಳುತ್ತಿತ್ತು.

ಮಧ್ಯಾಹ್ನ ಹೊರಗಿನ ಗೇಟಿನ ಹತ್ತಿರ ತಾಯಿಯನ್ನು ಕಂಡು, "ಇಂಗಿನ ವಿಷಯ ಹೇಳ್ಬಹುದಿತ್ತಲ್ಲ" ಎಂದೆ.

"ಇಂಗಿನಿಂದ ಹೀಗಾಗ್ತದಾ ಅಜ್ಜೇರೆ? ಚೀಟಿಯಲ್ಲಿ ಇಲ್ಲದ್ದು ಹಾಕಿದ್ದಕ್ಕೆ ಸುಮ್ಮನೆ ನಿಮ್ಮ ಕೆಲಸಕ್ಕೆ ಕುತ್ತು ಬರುದು ಯಾಕೆ? ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ಇದ್ದೀರಿ."

ಅದೇ ಸಂಜೆ ಮನೆಯ ಇಂಗು ಮುಗಿಯುತ್ತ ಬಂದಿತ್ತೆಂದು ಬಂದರಿಗೆ ಹೋದೆ. ಅಂಗಡಿಯಲ್ಲಿ ರಶ್ಶು. ಗುರುತಿನವನಾದ್ದರಿಂದ ಹಿಂದಿನ ಕೋಣೆಗೆ ಹೋಗಿ ನಿಂತೆ. ಅಲ್ಲಿ ಒಬ್ಬ ಕೆಲಸದವನು ದೊಡ್ಡ ಹರಿವಾಣದಲ್ಲಿ ಬಿಳಿ ಹಿಟ್ಟು ಹರಡಿ, ನಡುವೆ ಕಂದು ಬಣ್ಣದ ಇಂಗಿನ ಹಾಲು ಹೊಯ್ದು, ಚಪಾತಿಗೆ ನಾದುವ ಹಾಗೆ ನಾದುತ್ತಿದ್ದ. ಎಳೆದರೆ ಅಂಟಂಟಾಗಿ ಬರುತ್ತಿತ್ತು.

"ಎಂತ ಹಿಟ್ಟು ಅದು?"

"ಮೈದಾ," ಎಂದ ಅವನು ತಲೆ ಎತ್ತದೆ. "ಬರೀ ಇಂಗು ನಾಲಗೆಗೆ ಇಟ್ರೆ ನೀವು ಇಲ್ಲೇ ಬೀಳ್ತೀರಿ ಮಾರಾಯ್ರೆ. ಮೈದಾ, ಅಂಟು ಸೇರಿಸಿಯೇ ಎಲ್ಲರೂ ಮಾಡುದು. ನಿಮಗೆ ಗೊತ್ತಿಲ್ವಾ? ಅಡಿಗೆಯವರು ನೀವು!"

ಅವನು ನಕ್ಕ. ನಾನು ಇಂಗು ಕೊಳ್ಳದೆ ಹೊರಗೆ ಬಂದೆ. ಮಿಲ್ಲಿನ ಕಲ್ಲಿನ ಸಂದಿಯ ಗೋಧಿಗೆ ಹೆದರಿದವನು ನಾನು. ದಿನಕ್ಕೆ ನಾಲ್ಕು ಸಲ ನನ್ನ ಕೈಯಾರೆ ಮೈದಾ ಕರಗಿಸಿ ಕುಡಿಸಿದ್ದೆ.

ಮರುದಿನ ಬೆಳಿಗ್ಗೆ ಇಂಗು ಹಾಕಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಮೊದಲು ಮಗು ಗುಣವಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಗುಣವಾಗತೊಡಗಿದ ಮೇಲೆ, ಇನ್ನು ಹೇಳಿ ಪ್ರಯೋಜನವೇನು ಎಂದುಕೊಂಡೆ. ನಾಲ್ಕು ದಿನ ಹೀಗೆ ಕಳೆಯಿತು. ಇಂಗು ಹಾಕಿದ್ದು ತಿಳಿಯದೆ. ಈ ನಾಲ್ಕು ದಿನ ಬಾಯಿ ಮುಚ್ಚಿದ್ದು ತಿಳಿದೇ.

ಮನೆಯಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಬರಲಿಲ್ಲ. ಅದು ನನ್ನ ಬೆರಳು ಹಿಡಿಯುತ್ತಿತ್ತು. ನಾನು ಬೆರಳು ಬಿಡಿಸಿಕೊಂಡು ಹೊರಗೆ ಹೋಗುತ್ತಿದ್ದೆ. "ಎಂತ, ಮೊಮ್ಮಗಳು ಇಷ್ಟು ಬೇಗ ಹಳೆಯದಾದಳಾ ನಿಮಗೆ?" ಎಂದು ಹೆಂಡತಿ ಕೆಣಕಿದಳು. ಅವಳಿಗೂ ಹೇಳಲಿಲ್ಲ.

ನಾನು ಲೆಕ್ಕ ಹಾಕದೇ ಇದ್ದದ್ದು ಒಂದಿತ್ತು. ತಾಯಿಯನ್ನು ಹೊರಗೆ ಹಾಕಿದ ಮರುದಿನದಿಂದಲೇ ಮಗು ಚೇತರಿಸಿಕೊಳ್ಳತೊಡಗಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? "ನೋಡಿದ್ರಾ? ಬನ್ನು ನಿಂತದ್ದೇ ಭೇದಿ ನಿಂತಿತು," ಎಂದರು ಡಾಕ್ಟರು. ಆಯಾಗಳೂ ಅದನ್ನೇ ಮಾತಾಡಿದರು. ನನ್ನ ಮೌನವೇ ಅವಳ ಮೇಲೆ ತೀರ್ಪು ಬರೆದಿತ್ತು. ಅವಳು ಗೇಟಿನ ಹೊರಗೆ, ಜಪಸರ ಹಿಡಿದುಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಲ್ಲುತ್ತಿದ್ದಳು. ಅಡಿಗೆಮನೆಗೆ ಹೋಗಲು ಹಿಂದಿನ ದಾರಿಯೂ ಒಂದಿತ್ತು. ನಾನು ಆ ದಾರಿಯಲ್ಲಿ ಹೋಗತೊಡಗಿದೆ.

ಐದನೆಯ ದಿನ ಮಗುವಿನ ಅಪ್ಪನ ತಾಯಿ ಬಂದರು. ಗಟ್ಟಿ ಹೆಂಗಸು. ಮಗುವಿನ ಬಟ್ಟೆ ತುಂಬಲಿಕ್ಕೆ ಕಬ್ಬಿಣದ ಒಂದು ಪೆಟ್ಟಿಗೆ ತಂದಿದ್ದರು. ಆಯಾ ಅಡಿಗೆಮನೆಗೆ ಓಡಿ ಬಂದು ಸುದ್ದಿ ಹೇಳಿದಳು: "ಅಜ್ಜೇರೆ, ಮಗುವನ್ನು ಆ ಅಜ್ಜಿ ಕರ್ಕೊಂಡು ಹೋಗ್ತಾರಂತೆ. ಸೊಸೆಯ ಕೈಗೆ ಇನ್ನು ಕೊಡುದಿಲ್ಲವಂತೆ. ಮಗನಿಗೆ ಕಾಗದವೂ ಬರೆದು ಆಯ್ತಂತೆ."

ನಾನು ಹುರಿಯುತ್ತಿದ್ದ ಅಕ್ಕಿ ಕರಟಿತು. ಇಳಿಸಿದೆ. ಡಬ್ಬಿಯಲ್ಲಿ ಉಳಿದಿದ್ದ ಇಂಗಿನ ಚೂರು ತೆಗೆದುಕೊಂಡು ಡಾಕ್ಟರ ಕೋಣೆಗೆ ನಡೆದೆ. ಅಜ್ಜಿ ಎದುರು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು: "ನನ್ನ ಮಗ ಅಲ್ಲಿ ಬಿಸಿಲಲ್ಲಿ ಬೇಯ್ತಾನೆ. ಇವಳಿಗೆ ಇಲ್ಲಿ ಒಂದು ಮಗು ನೋಡ್ಲಿಕ್ಕೆ ಆಗುದಿಲ್ಲ."

"ಎಂತ ಅಜ್ಜೇರೆ, ಇವತ್ತೂ ಸಿಹಿ ತಂದ್ರಾ?" ಎಂದರು ಡಾಕ್ಟರು.

ನಾನು ಇಂಗನ್ನು ಮೇಜಿನ ಮೇಲೆ ಇಟ್ಟೆ. "ಈ ತಾಯಿ ಎಂತದೂ ಕೊಡ್ಲಿಲ್ಲ ಡಾಕ್ಟ್ರೇ. ಕೊಟ್ಟದ್ದು ನಾನು. ಇದರಲ್ಲಿ ಮೈದಾ ಉಂಟು. ನಾದುದನ್ನು ನಾನೇ ನೋಡಿದ್ದೇನೆ. ನೋಡಿ ನಾಲ್ಕು ದಿನ ಆಯ್ತು."

ಡಾಕ್ಟರು ಚೂರನ್ನು ಎತ್ತಿ ಮೂಸಿದರು. ಆಮೇಲೆ ಗಾಯಕ್ಕೆ ಹಾಕುವ ಟಿಂಚರ್ ಅಯೋಡಿನ್ ತರಿಸಿ ಇಂಗಿನ ಮೇಲೆ ಒಂದು ತೊಟ್ಟು ಬಿಟ್ಟರು. ಬಿದ್ದಲ್ಲಿ ನೀಲಿಗಪ್ಪಾಯಿತು.

"ಹಿಟ್ಟು ಉಂಟು ಅಂತ ಇದು ಹೇಳ್ತದೆ. ಯಾವ ಹಿಟ್ಟು ಅಂತ ನೀವು ಹೇಳಿದ್ರಿ." ಅವರ ದನಿ ಮೆತ್ತಗಿತ್ತು. "ಇಂಗಿನಲ್ಲಿ ಮೈದಾ ಅಂತ ನನಗೂ ಗೊತ್ತಿರಲಿಲ್ಲ. ಬಂದು ಹೇಳಿದ್ರಲ್ಲ, ಅದು ದೊಡ್ಡದು ಅಜ್ಜೇರೆ. ಹೋಗಿ, ನಿಮ್ಮ ಕೆಲಸ ನೋಡಿ."

ಅಷ್ಟೇ. ಬೈಯಲೂ ಇಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಅಜ್ಜಿ ಮಗುವಿನ ಫ್ರಾಕುಗಳನ್ನು ಮಡಿಲಲ್ಲಿಟ್ಟು ಒಂದೊಂದಾಗಿ ಮಡಚಿದರು, ಬಿಚ್ಚಿದರು. ಕೊನೆಗೆ, "ಅವಳನ್ನು ಒಳಗೆ ಕರೀರಿ. ಬಿಸಿಲಲ್ಲಿ ನಿಂತಿದ್ದಾಳೆ," ಎಂದರು. ಸಂಜೆ ಪೆಟ್ಟಿಗೆಯೊಂದಿಗೆ ಒಬ್ಬರೇ ಊರಿಗೆ ಹೊರಟರು.

ನಾನು ಕೈಮುಗಿದು ತಾಯಿಯ ಎದುರು ನಿಂತೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ.

"ಇಂಗು ಹಾಕಿದ್ದು ನನಗೂ ಗೊತ್ತಿತ್ತು. ಅದರಲ್ಲಿ ನನ್ನ ಪಾಲೂ ಉಂಟು," ಎಂದಳು. "ಆದ್ರೆ ನಾಲ್ಕು ದಿನ ನಾನು ಗೇಟಿನಲ್ಲಿ ನಿಂತದ್ದು ನಿಮಗೆ ಕಾಣ್ಲಿಲ್ವಾ?"

ಕಂಡಿತ್ತು. ಹಾಗೆಂದೇ ಹೇಳಿದೆ.

ಮರುದಿನದಿಂದ ಅವಳು ಅಡಿಗೆಮನೆಗೆ ಬಂದು ನಿಂತಳು. ಹುರಿಯುವುದು, ಬೀಸುವುದು, ಸೋಸುವುದು ಎಲ್ಲವನ್ನೂ ನೋಡಿ ಕಲಿತಳು. ಉಪ್ಪಿನ ಭರಣಿಯನ್ನೂ ತೆರೆದು ಮೂಸಿದಳು. ಲೋಟವನ್ನು ನನ್ನ ಕೈಯಲ್ಲಿ ಕೊಡಲಿಲ್ಲ, ತಾನೇ ಒಯ್ದಳು. ಎರಡು ವಾರದಲ್ಲಿ ಮಗುವಿನ ಕೆನ್ನೆ ಕೆನ್ನೆಯ ಹಾಗೆ ಕಾಣತೊಡಗಿತು.

ಮನೆಗೆ ಹೋಗುವ ದಿನ ಮಗು ಲೋಟ ನೂಕಿ ಹಟ ಮಾಡಿತು. "ಅಜ್ಜ ತರ್ತಾ ಇದ್ದದ್ದು ಬೇಕು. ವಾಸನೆಯದ್ದು."

"ಅದು ಮುಗೀತು ಮಗಾ," ಎಂದೆ.

"ಮುಗೀತು ಅಂತ ಹೇಳ್ಬೇಡಿ," ಎಂದಳು ತಾಯಿ. "ನಾಳೆ ಬೇರೆ ಯಾರ ಹತ್ರಾದ್ರೂ ಕೇಳ್ತಾಳೆ. ಇದ್ದದ್ದನ್ನು ಹೇಳಿ."

ನಾನು ಹಾಸಿಗೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತೆ. "ಅದರಲ್ಲಿ ನಿನಗೆ ಆಗದ್ದು ಇತ್ತು ಮಗಾ. ಹಾಕಿದ್ದು ನಾನು. ನಿನಗೆ ಹೊಟ್ಟೆನೋವು ಬಂದದ್ದು ನನ್ನಿಂದ. ಅಮ್ಮ ಎಂತದೂ ಮಾಡ್ಲಿಲ್ಲ."

ಮಗು ನನ್ನನ್ನು ನೋಡಿತು. "ಅಮ್ಮನಿಗೆ ಡಾಕ್ಟ್ರು ಜೋರು ಮಾಡಿದ್ರು," ಎಂದಿತು. "ನಿನಗೂ ಜೋರು ಮಾಡಿದ್ರಾ?"

"ಇಲ್ಲ ಮಗಾ."

"ಯಾಕೆ?"

ತಾಯಿ ಲೋಟ ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು.